ತಂತಿಗೆ ಚುಚ್ಚದ ಕಾಗದ

ನಮ್ಮ ತಾತ ದಕ್ಷಿಣಾಮೂರ್ತಿಗಳ ಕಾಗದಗಳಿಗೆಲ್ಲ ನಟ್ಟನಡುವೆ ಒಂದೊಂದು ತೂತಿದೆ. ಅವರು ತುಮಕೂರಿನಲ್ಲಿ ವಾರಪತ್ರಿಕೆ ನಡೆಸುತ್ತಿದ್ದರು, ಪದ್ಯ ಬರೆಯುತ್ತಿದ್ದರು, ಮಿಕ್ಕ ಹೊತ್ತಿನಲ್ಲಿ ಮೈಸೂರಿನ ಸ್ನೇಹಿತ ನಾರಾಯಣಸ್ವಾಮಿಗಳಿಗೆ ಕಾಗದ ಬರೆದು ಜಗಳವಾಡುತ್ತಿದ್ದರು. ನಾರಾಯಣಸ್ವಾಮಿಗಳು ಓದಿ ಮುಗಿಸಿದ ಕಾಗದವನ್ನು ಗೋಡೆಯಲ್ಲಿ ನೇತುಬಿದ್ದ ಕಬ್ಬಿಣದ ತಂತಿಗೆ ಚುಚ್ಚಿಡುತ್ತಿದ್ದರು. ಆಗ ಎಲ್ಲರ ಮನೆಯಲ್ಲೂ ಅದೇ ಪದ್ಧತಿ. ಅವರು ಕಾಲವಾದ ಮೇಲೆ ಮನೆಯವರು ತಂತಿಯ ಸಮೇತ ಆ ಕಟ್ಟನ್ನು ನನ್ನ ತಂದೆಗೆ ಒಪ್ಪಿಸಿದರು. ತಂದೆಯ ನಂತರ ಅದು ನನ್ನ ಪಾಲಿಗೆ ಬಂತು. ನನ್ನವರ ಸರ್ಕಾರಿ ಕೆಲಸದ ಬೆನ್ನುಹತ್ತಿ ಡೆಲ್ಲಿಗೆ ಬಂದು, ಅವರೂ ತೀರಿಕೊಂಡ ಮೇಲೆ, ಈಗ ಇಂದಿರಾಪುರಂನ ಹನ್ನೊಂದನೇ ಮಹಡಿಯಲ್ಲಿ, ಮಂಚದ ಪೆಟ್ಟಿಗೆಯೊಳಗೆ ರಜಾಯಿಗಳ ಅಡಿಯಲ್ಲಿ ಮಲಗಿತ್ತು.

ಅದನ್ನು ಎಬ್ಬಿಸಿದವನು ಚಿದಂಬರ. ಹಾಸನದ ಹುಡುಗ, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ತಾತನ ಕಾಗದಗಳನ್ನು ಪುಸ್ತಕ ಮಾಡುತ್ತೇನೆಂದು ಭಾನುವಾರ ಭಾನುವಾರ ಬಂದು, ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಒಂದೊಂದನ್ನೇ ನಕಲು ಮಾಡಿಕೊಳ್ಳುತ್ತಿದ್ದ. ಬರಲಿ ಎಂದಿದ್ದೆ. ಬೇಡ ಎನ್ನುವುದಕ್ಕೂ ಒಂದಿಷ್ಟು ಮನಸ್ಸು ಬೇಕಲ್ಲ, ನನ್ನಲ್ಲಿ ಅದಿರಲಿಲ್ಲ.

ಹಿಂದಿನ ಆಗಸ್ಟಿನಲ್ಲಿ ನನ್ನ ಮಗ ಹೃಷಿಕೇಶ ತೀರಿಕೊಂಡಿದ್ದ. ಒಬ್ಬನೇ ಮಗ. ಮಾನೇಸರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವನ ಕ್ಯಾಬು ಹೆದ್ದಾರಿಯಲ್ಲಿ ಲಾರಿಗೆ ಗುದ್ದಿತು. ಯಾರೋ ಅವನ ಮೊಬೈಲಿನಿಂದಲೇ ಮನೆಗೆ ಫೋನ್ ಮಾಡಿ ಹಿಂದಿಯಲ್ಲಿ ವಿಷಯ ಹೇಳಿದರು. ನಾನು ‘ಅಚ್ಛಾ’ ಎಂದೆ. ಫೋನಿಟ್ಟು ಅಡಿಗೆಮನೆಗೆ ಹೋಗಿ, ಕುದಿಯುತ್ತಿದ್ದ ಸಾರಿಗೆ ಉಪ್ಪು ಹಾಕಿ, ಆಮೇಲೆ ಸೊಸೆ ಧಾರಿಣಿಯನ್ನು ಕರೆದು ಹೇಳಿದೆ. ಉಪ್ಪು ಹಾಕಿದ್ದನ್ನು ಅವಳು ನೋಡಿದ್ದಳು.

ಅಂದಿನಿಂದ ನಾನು ಅತ್ತಿಲ್ಲ. ಬಿಗಿಹಿಡಿದುಕೊಂಡೆ ಎಂದಲ್ಲ, ಅಳು ಬರಲಿಲ್ಲ, ಅಷ್ಟೆ. ಸಮಾಧಾನ ಹೇಳಲು ಬಂದ ನೆರೆಹೊರೆಯವರು ನನ್ನ ಮುಖ ನೋಡಿ, ಇಲ್ಲಿ ತಮಗೆ ಕೆಲಸವಿಲ್ಲವೆಂದು ಧಾರಿಣಿಯ ಕಡೆ ತಿರುಗಿ ಕೂರುತ್ತಿದ್ದರು. ಬಿಸಿ ಕಾಫಿ ನಾಲಿಗೆ ಸುಟ್ಟದ್ದು ನನಗೆ ಮಾರನೆಯ ದಿನ ತಿಳಿಯುತ್ತಿತ್ತು. ಜನವರಿಯಲ್ಲಿ ಬರೀ ಸೀರೆಯಲ್ಲಿ ಹಾಲು ತರಲು ಕೆಳಗಿಳಿದರೆ ಗೇಟಿನ ಗಾರ್ಡು, ಮಾತಾಜಿಗೆ ಚಳಿಯೇ ಇಲ್ಲವಲ್ಲ ಎಂದು ಬೆರಗಾಗುತ್ತಿದ್ದ. ನಿಜಕ್ಕೂ ಇರಲಿಲ್ಲ.

ಧಾರಿಣಿ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಬಿ.ಪಿ. ಮಾತ್ರೆ ಕೈಗಿಡುತ್ತಿದ್ದಳು. ಆದರೆ ಒಂದು ಸಂಜೆ ಅವಳು ಬಾಲ್ಕನಿಯಲ್ಲಿ ನಿಂತು ತಾಯಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು. “ಅವರಿಗೆ ಏನೂ ಅನ್ನಿಸಲೇ ಇಲ್ಲಮ್ಮ. ಈ ಮನೇಲಿ ನಾನೊಬ್ಬಳೇ ಅಳೋದು. ಮಾರ್ಚ್‌ನಲ್ಲಿ ಮೈಸೂರಿಗೆ ಬಂದ್ಬಿಡ್ತೀನಿ.” ಹೋಗಬೇಡ ಕಣೇ ಎನ್ನಬೇಕಿತ್ತು. ಯಾವ ಮುಖ ಇಟ್ಟುಕೊಂಡು ಎನ್ನಲಿ? ಅವಳು ಹೊರಟರೆ ನನಗೆ ಈ ಊರಿನಲ್ಲಿ, ಈ ಲೋಕದಲ್ಲಿ, ಇನ್ನಾರೂ ಇಲ್ಲ. 

ಅದೇ ಜನವರಿಯ ಒಂದು ಭಾನುವಾರ ಚಿದಂಬರ ಮುನ್ನುಡಿಯ ಕರಡು ತಂದು ಓದಿದ. ಧಾರಿಣಿ ಅಡಿಗೆಮನೆಯ ಬಾಗಿಲಲ್ಲಿ ಅವರೆಕಾಳಿನ ಸಿಪ್ಪೆ ಚಿಲುಕಿಸುತ್ತ ಕುಳಿತಿದ್ದಳು. ತಾತನ ಮೊದಲ ಮಗ ಸೋಮು ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯ ಆ ಇನ್‌ಫ್ಲುಯೆಂಜಾ ಮಹಾಜ್ವರದಲ್ಲಿ ಹೋದವನು. ಸೆಪ್ಟೆಂಬರಿನ ಕಾಗದದಲ್ಲಿ ಹುಡುಗ ಅಚ್ಚಿನ ಮೊಳೆಗಳನ್ನು ಕದ್ದು ಜೇಬು ತುಂಬಿಕೊಳ್ಳುತ್ತಾನೆಂಬ ದೂರಿದೆ. ಅಕ್ಟೋಬರಿನಲ್ಲಿ ಹುಡುಗ ಸತ್ತ. ನವೆಂಬರಿನ ಕಾಗದದಲ್ಲಿ ಅವನ ಮಾತೇ ಇಲ್ಲ. ಪತ್ರಿಕೆಗೆ ನೀನು ಕಳಿಸುತ್ತೇನೆಂದ ಕಾಗದದ ರೀಮುಗಳು ಇನ್ನೂ ಬಂದಿಲ್ಲ, ನೀನು ನಂಬಿಸಿ ಕತ್ತು ಕೊಯ್ಯುವವನು, ಶಾಯಿಯಾದರೂ ಕಳಿಸು ಎಂದು ಎರಡು ಪುಟ ಬೈಗುಳ. ಚಿದಂಬರ ಇದರಿಂದ ಒಂದು ತೀರ್ಮಾನಕ್ಕೆ ಬಂದಿದ್ದ: ಊರವರ ದುಃಖಕ್ಕೆಲ್ಲ ಪದ್ಯ ಕಟ್ಟಿದ ಕವಿಯ ಎದೆ ಸ್ವಂತ ಮಗನ ಸಾವಿಗೆ ಬರಡಾಗಿತ್ತು.

ನನಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದದ್ದು ಅದೊಂದೇ.

ಎಸ್ಸೆಮ್ಮೆಸ್ ಕಾಲದ ಮಗು, ಅವನಿಗೇನು ಗೊತ್ತು! ಬಿಡಿಸಿ ಹೇಳಿದೆ. ಸಾವಿನ ಸುದ್ದಿಯ ಕಾಗದಕ್ಕೆ ನೆತ್ತಿಯ ಮೇಲೆ ‘ಶ್ರೀ’ ಇರುವುದಿಲ್ಲ, ‘ಉಭಯಕುಶಲೋಪರಿ’ ಇರುವುದಿಲ್ಲ. ಬಿಚ್ಚಿದೊಡನೆ ಗೊತ್ತಾಗುತ್ತದೆ. ಅದನ್ನು ಮನೆಯೊಳಗೆ ತರುವಂತಿಲ್ಲ. ಹೊಸ್ತಿಲಾಚೆ ನಿಂತೇ ಓದಿ, ಅಲ್ಲೇ ಹರಿದು ಹಾಕಿ, ಉಟ್ಟ ಬಟ್ಟೆಯಲ್ಲೇ ತಲೆಗೆ ತಣ್ಣೀರು ಸುರಿದುಕೊಳ್ಳಬೇಕು.

“ಅದನ್ನ ತಂತಿಗೆ ಯಾರು ಚುಚ್ತಾರಪ್ಪ?” ಎಂದೆ. “ತಾತ ಬರೆದಿರ್ತಾರೆ, ನಾರಾಯಣಸ್ವಾಮಿಗಳು ಹರಿದಿರ್ತಾರೆ. ನೀನು ಓದ್ತಿರೋದು ಉಳಿಸಿಕೊಂಡಿದ್ದನ್ನ ಮಾತ್ರ.”

ಅವನು ಪೆಚ್ಚಾಗಿ ಆ ಸಾಲನ್ನು ಅಳಿಸಿದ. ಆದರೂ ಹುಡುಗ ಚುರುಕು, ರೀಮುಗಳ ಕಾಗದವನ್ನು ನನ್ನ ಮುಂದೆ ಸರಿಸಿ, ಹಾಗಾದರೆ ಮರುತಿಂಗಳೇ ಈ ಜಗಳ ಹೇಗೆ ಸಾಧ್ಯವಾಯಿತು ಎಂದು ಕೇಳಿದ. ನಾನು ಆ ಬೈಗುಳವನ್ನು ಮತ್ತೆ ಓದಿದೆ. ಹೇಗೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು? ಸಾರು ಕುದಿಯುತ್ತಿತ್ತು, ಉಪ್ಪು ಹಾಕಿದ್ದೆ. ಪತ್ರಿಕೆ ಹೊರಡಬೇಕಿತ್ತು, ತಾತ ಕಾಗದ ಕೇಳಿದ್ದರು. ಇದನ್ನು ಅವನಿಗೆ ಹೇಳಿದೆ. ಹೇಳುವಾಗ ಅಡಿಗೆಮನೆಯ ಕಡೆ ನೋಡಲಿಲ್ಲ. ಕಾಳು ತಟ್ಟೆಗೆ ಬೀಳುವ ಸದ್ದು ನಿಂತಿತ್ತು.

ನಿಮಗೆ ಎಂದಾದರೂ ಅಂಥ ಸಾವಿನ ಕಾಗದ ಬಂದದ್ದುಂಟೇ ಎಂದ ಚಿದಂಬರ.

“ನನಗೆ ಫೋನು ಬಂತು,” ಎಂದೆ. “ಹರಿಯೋದಕ್ಕೆ ಏನೂ ಇರಲಿಲ್ಲ.”

ಮಾತು ಆಡಿದ ಮೇಲೆ ಅದರ ಅರ್ಥ ನನಗೇ ತಟ್ಟಿತು. ಅವನ ಮುಂದಿದ್ದ ಬಿಳಿಯ ಹಾಳೆಯನ್ನು ತೋರಿಸಿ, ನನಗೂ ಅಂಥದೊಂದು ಬರೆದುಕೊಡು ಎಂದೆ. ಅವನು ಬೆಚ್ಚಿದ. ಅಶುಭ, ನನ್ನ ಕೈಯಲ್ಲಿ ಆಗದು ಎಂದು ಪೆನ್ನಿನ ಮುಚ್ಚಳ ಹಾಕಿದ. ಅಶುಭವೆಲ್ಲ ಆಗಸ್ಟಿನಲ್ಲೇ ಮುಗಿದಿದೆ ಎಂದರೂ ಕೇಳಲಿಲ್ಲ.

ಧಾರಿಣಿ ಎದ್ದು ಬಂದಳು. ಅವರೆಯ ಸೊಗಡು ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ಕೈಯಿಂದ ಪೆನ್ನು ಕಿತ್ತುಕೊಂಡು, ನಿಂತೇ ಬರೆದಳು. ಮಡಿಸಿದಳು. ಮುಂಬಾಗಿಲು ತೆಗೆದು ಹೊರಗೆ ಲಿಫ್ಟಿನ ಬಳಿ ಹೋಗಿ ನಿಂತಳು. ನಾನು ಹಿಂದೆಯೇ ಹೋದೆ. ಹೊಸ್ತಿಲು ದಾಟಿದ ಮೇಲೆ ಕಾಗದ ನನ್ನ ಕೈಗೆ ಕೊಟ್ಟಳು.

ಮೇಲೆ ಶ್ರೀ ಇರಲಿಲ್ಲ.

‘ಅತ್ತೆಗೆ. ನಿಮ್ಮ ಮಗ ಹೃಷಿಕೇಶ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ದಾರಿಯಲ್ಲಿ ತೀರಿಕೊಂಡರು. ಇನ್ನು ಬರುವುದಿಲ್ಲ. ಧಾರಿಣಿ.’

ಎದುರು ಮನೆಯ ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತು ಎರಡು ಸಲ ಓದಿದೆ. ಆಮೇಲೆ ಹರಿದೆ. ಚೂರುಗಳನ್ನು ಧಾರಿಣಿ ಅಂಗೈಯೊಡ್ಡಿ ತೆಗೆದುಕೊಂಡಳು. ನಾನು ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಉಟ್ಟ ಸೀರೆಯಲ್ಲೇ ಕೂತು, ರಾತ್ರಿಯಿಂದ ಬಕೆಟ್ಟಿನಲ್ಲಿ ನಿಂತ ನೀರನ್ನು ತಲೆಯ ಮೇಲೆ ಸುರಿದುಕೊಂಡೆ. ಮೊದಲ ಚೊಂಬಿಗೆ ಏನೂ ಅನ್ನಿಸಲಿಲ್ಲ. ಎರಡನೆಯದೂ ಹಾಗೇ. ಆಮೇಲೆ ಬೆನ್ನ ಹುರಿಯಿಂದ ಏನೋ ಮೇಲಕ್ಕೆದ್ದು ಹಲ್ಲು ಕಟಕಟ ಎನ್ನತೊಡಗಿತು, ಚೊಂಬು ಕೈಜಾರಿ ನೆಲದ ಮೇಲೆ ಉರುಳಿತು.

ಬಾಗಿಲಾಚೆಯಿಂದ ಧಾರಿಣಿ ಕರೆದಳು. “ಅತ್ತೆ, ಗೀಸರ್ ಹಾಕ್ಲಾ?”

ಚಿಲಕ ತೆಗೆದೆ. ಅವಳು ಒಣ ಟವೆಲು ಹಿಡಿದು ನಿಂತಿದ್ದಳು.

“ಧಾರಿಣಿ,” ಎಂದೆ. “ಚಳಿ ಆಗ್ತಾ ಇದೆ ಕಣೇ.”