ಹಿಮ್ಮಡಿಯ ಗೆರೆ

"ನಿಮ್ಮ ಮಂಡಿ ಮುರಿಯೋಕೆ ಯಾರ್ಗೂ ಬಿಡಲ್ಲ ಕಣ್ರೀ" ಎಂದು ಹನ್ನೊಂದು ವರ್ಷದ ಹಿಂದೆ ಗಂಡನಿಗೆ ಮಾತು ಕೊಟ್ಟಿದ್ದ ಶಿವರುದ್ರಮ್ಮ, ಈಗ ಅವನ ಹೆಣದ ಕಾಲ ಬಳಿ ಕೂತು, ಎರಡೂ ಹೆಬ್ಬೆರಳು ಸೇರಿಸಿ ಕಟ್ಟಿದ್ದ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು.

ಕಟ್ಟಿದವಳು ಪಕ್ಕದ ಮನೆಯ ಓಬಳಮ್ಮ. ಬೆಳಿಗ್ಗೆ ಆರಕ್ಕೆ ಚನ್ನವೀರಯ್ಯನ ಉಸಿರು ನಿಂತು, ಶಿವರುದ್ರಮ್ಮ ದಿಕ್ಕು ತೋಚದೆ ಕಂಬಕ್ಕೆ ಒರಗಿಬಿಟ್ಟಿದ್ದಾಗ, ಪಾಪ, ಅವಳೇ ಓಡಿಬಂದು ತಮ್ಮವರಲ್ಲಿ ಮಾಡುವ ಹಾಗೆ ಕಾಲು ನೀಡಿಸಿ ಕಟ್ಟಿದ್ದಳು. ಈ ಮನೆಯವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಎಡಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೇ ಸಮಾಧಿ ಮಾಡುತ್ತಾರೆ. ಮೈ ಸೆಟೆಯುವ ಮೊದಲೇ ಕಾಲು ಮಡಿಸಬೇಕು. ಆಗಲೇ ಒಂಬತ್ತಾಗಿತ್ತು.

"ನಂಗೆ ತಿಳೀಲಿಲ್ಲ ಕಣಕ್ಕ," ಓಬಳಮ್ಮ ಸೆರಗು ಹಿಂಡುತ್ತ ಹೇಳಿದಳು. "ಆ ಕಾಲು ಹೆಂಗೂ ಮಡಚಲ್ವಲ್ಲ ಅಂದ್ಕಂಡೆ."

"ಮಡಚ್ತದೆ ಬುಡು. ನೀನು ನೀರು ಕಾಯಿಸು, ಹೋಗು."

ಹೇಳಿದ್ದೇನೋ ಹೇಳಿದಳು. ಆದರೆ ಎದೆನೋವೆಂದು ಗಂಡ ಹಾಸಿಗೆ ಹಿಡಿದು ಒಂಬತ್ತು ದಿನವಾಗಿತ್ತು. ಅಷ್ಟೂ ದಿನ ಆ ಬಲಮಂಡಿಯನ್ನು ಅವಳು ಮುಟ್ಟಿರಲಿಲ್ಲ.

*

ಎಪ್ಪತ್ತೈದನೇ ಇಸವಿಯಲ್ಲಿ ಚನ್ನವೀರಯ್ಯ ಗುಬ್ಬಿ–ತುಮಕೂರು ಖಾಸಗಿ ಬಸ್ಸಿನ ಕಂಡಕ್ಟರ್. ಬಸ್ಸಿನ ಟಾಪಿಗೆ ತೆಂಗಿನಕಾಯಿ ಚೀಲ ಏರಿಸುವಾಗ ಏಣಿಯಿಂದ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಅಣ್ಣ ವೀರಭದ್ರಯ್ಯ ಕುಣಿಗಲ್ಲಿನಿಂದ ಬಂದವನೇ ನಾಟಿ ಪಂಡಿತರೊಬ್ಬರ ಹತ್ತಿರ ಕರೆದೊಯ್ದು ಬಿದಿರಿನ ದಬ್ಬೆ ಕಟ್ಟಿಸಿದ. ಅಲುಗಿಸಬಾರದು ಎಂದು ತಾಕೀತು ಮಾಡಿದ. ನಾಲ್ಕು ತಿಂಗಳು ಅಲುಗಿಸಲಿಲ್ಲ. ದಬ್ಬೆ ಬಿಚ್ಚಿದಾಗ ಮೂಳೆ ಕೂಡಿತ್ತು, ಮಂಡಿ ಮಾತ್ರ ಒನಕೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಶಿವರಾಮಯ್ಯ ಎಂಬುವರಿದ್ದರು. ವ್ಯಾಯಾಮ ಮಾಡಿಸಿ ಕೈಕಾಲು ಸರಿಮಾಡುವುದು ಅವರ ಕೆಲಸ. ರೋಗಿಗಳೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕೆಲಸವಿಲ್ಲದ ಸ್ನಾಯು ಕುಗ್ಗಿ ಗಟ್ಟಿಯಾಗುತ್ತದೆ, ದಿನಾ ಕೆಲಸ ಕೊಟ್ಟರೆ ಅದೇ ಮೆತ್ತಗಾಗಿ ಬಲಿಯುತ್ತದೆ ಎಂದು ಅವರು ಶಿವರುದ್ರಮ್ಮನ ಕೈಯನ್ನೇ ಮಂಡಿಯ ಮೇಲಿಡಿಸಿ ತೋರಿಸಿದರು. ಮೊದಲು ಬಿಸಿನೀರಿನ ಬಟ್ಟೆ ಸುತ್ತಬೇಕು. ಆಮೇಲೆ ಹಿಮ್ಮಡಿ ಹಿಡಿದು ನಿಧಾನವಾಗಿ ಹಿಂದಕ್ಕೆ ಸರಿಸಬೇಕು.

"ನೋವಿನ ಬಾಗಿಲವರೆಗೂ ಹೋಗಿ ತಾಯಿ. ಬಾಗಿಲು ಒಡೀಬೇಡಿ, ಅಲ್ಲೇ ನಿಂತ್ಕೊಳ್ಳಿ. ಮೂವತ್ತು ಎಣಿಸಿ. ಅವರು ಉಸಿರು ಬಿಡ್ತಾರಲ್ಲ, ಆಗ ಅದೇ ತೆರಕೊಳ್ಳುತ್ತೆ."

ನಡುಮನೆಯ ಗೋಡೆಗೆ ಅವನನ್ನು ಒರಗಿಸಿ ಕೂರಿಸಿಕೊಂಡು, ಹಿಮ್ಮಡಿ ಎಲ್ಲಿಗೆ ಬಂತೋ ಅಲ್ಲಿ ಅವಳು ಮೊಳೆಯಿಂದ ಕಾವಿ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು. ಬೆರಳಗಲ ಹಿಂದಕ್ಕೆ ಸರಿಯಲು ಒಂದೊಂದು ಸಲ ತಿಂಗಳು ಹಿಡಿಯುತ್ತಿತ್ತು. ಅಂಥ ಒಂದು ದಿನ ಚನ್ನವೀರಯ್ಯ ಸಾಕು ಬಿಡು ಎಂದು ಕಾಲು ಎಳೆದುಕೊಂಡ. ಸ್ವಲ್ಪ ಹೊತ್ತಿನ ಮೇಲೆ, ಚಿಕ್ಕಂದಿನಲ್ಲಿ ಕಂಡಿದ್ದನ್ನು ಹೇಳಿದ. ಅವನ ಚಿಕ್ಕಪ್ಪನ ಕಾಲೂ ಹೀಗೇ ಸೆಟೆದಿತ್ತು. ಸತ್ತಾಗ ಇಬ್ಬರು ಗಂಡಸರು ಸೇರಿ ಮಂಡಿ ಮುರಿದು ಕೂರಿಸಿದರು.

"ಸತ್ತೋರ್ಗೇನು ನೋವು ಅಂತಾರೆ ರುದ್ರಿ. ನಾನು ಆ ಸದ್ದು ಕೇಳ್ದೋನು."

ಆವತ್ತು ಅವಳು ಮಾತು ಕೊಟ್ಟಳು. ಅವನು ಕಾಲು ಮುಂದಿಟ್ಟ.

ಆಮೇಲೆ ಅವನು ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಆದ. ಸಕ್ಕರೆ ಕಾಯಿಲೆ ಶುರುವಾದಾಗ ಮೇಷ್ಟ್ರು ದಿನಾ ನಡೆಯಲು ಹೇಳಿದರು. ದಿನಾ ಕೆರೆ ಏರಿಯ ತುದಿ ಮುಟ್ಟಿ ಬರುತ್ತಿದ್ದ. ಕುಂಟನ ಗಾಡಿ ರೈಟ್ ಎಂದು ಡ್ರೈವರುಗಳು ಕೂಗಿದರೆ, ನಿಮ್ಮ ಗಾಡಿಗಿಂತ ಮೊದಲೇ ಹೊರಟಿದ್ದೀನಲ್ಲ ಎನ್ನುತ್ತಿದ್ದ. ಜನರ ಮುಂದೆ ಮಾತ್ರ ಆ ಕಾಲು ನೀಡಿಕೊಂಡೇ ಕೂರುತ್ತಿದ್ದ. ಅದು ಎಷ್ಟು ಮಡಚುತ್ತದೆ ಎಂದು ಬಲ್ಲವಳು ಅವಳೊಬ್ಬಳೇ.

*

ವೀರಭದ್ರಯ್ಯ ಕಾರಿನಿಂದಿಳಿದು ಬಂದಾಗ ಒಂಬತ್ತೂವರೆ. ತಮ್ಮನ ಮುಖ ನೋಡಿದ, ಕಾಲು ನೋಡಿದ, ಹೊರಗೆ ಹೋಗಿ ಗಟ್ಟಿಮುಟ್ಟಾದ ಇಬ್ಬರನ್ನು ಕರೆದುಕೊಂಡು ಬಂದ.

"ನೀನು ಒಳಕ್ಕೋಗಮ್ಮ. ಇದನ್ನ ನೋಡ್ಬೇಡ."

ಶಿವರುದ್ರಮ್ಮ ಏಳಲಿಲ್ಲ. ಬಿಸಿನೀರಿನಲ್ಲಿ ಅದ್ದಿದ ಟವೆಲ್ಲನ್ನು ಹಿಂಡಿ ಮಂಡಿಗೆ ಸುತ್ತಿದಳು.

"ಹತ್ತು ನಿಮಿಷ ಕೊಡಿ ಭಾವ."

"ಮೈ ಸೆಟೀತಾ ಐತೆ. ಆಮೇಲೆ ಮುರಿಯೋದೂ ಕಷ್ಟ ಆಯ್ತದೆ."

"ನಾಲ್ಕು ತಿಂಗ್ಳು ಕಟ್ಟಿಸಿ ಇಟ್ರಲ್ಲ, ಆಗ ಇರದ ಅವಸರ ಈಗ್ಯಾಕೆ?"

ಸಂಸ್ಕಾರ ಮಾಡಿಸಲು ಬಂದು ವಿಭೂತಿ ಕಲಸುತ್ತಿದ್ದ ಅಯ್ನೋರು ತಲೆಯೆತ್ತದೆ, ಹತ್ತು ನಿಮಿಷಕ್ಕೇನೂ ಆಗುವುದಿಲ್ಲ, ತಾಯಿ ಮಾಡಲಿ ಎಂದರು. ವೀರಭದ್ರಯ್ಯ ಆ ಇಬ್ಬರಿಗೂ ತಡೆಯಿರಿ ಎಂದು ಕೈಸನ್ನೆ ಮಾಡಿದ.

ಹೆಣವನ್ನು ಎತ್ತಿ ಅದೇ ಗೋಡೆಗೆ ಒರಗಿಸಿದರು. ಎಡಗಾಲು ಸಲೀಸಾಗಿ ಮಡಚಿತು. ಶಿವರುದ್ರಮ್ಮ ಬಲಗಾಲಿನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದಳು. ತಣ್ಣಗಿತ್ತು.

"ಭಾವ, ತೊಡೆ ಕೆಳಗೆ ಕೈ ಕೊಡಿ. ಒತ್ತಬೇಡಿ, ಸುಮ್ನೆ ಹಿಡ್ಕೊಳ್ಳಿ."

ವೀರಭದ್ರಯ್ಯ ಮಂಡಿಯೂರಿ ಕೂತು ತಮ್ಮನ ತೊಡೆ ಹಿಡಿದ. ಹಿಮ್ಮಡಿ ಗೆರೆಯ ಮೇಲೆ ಗೆರೆ ದಾಟುತ್ತ ಹಿಂದಕ್ಕೆ ಸರಿಯಿತು. ಮೊದಲ ವರ್ಷದ್ದು ದಾಟಿತು, ಎರಡನೆಯದು ದಾಟಿತು. ಮೂರನೆಯದಕ್ಕೆ ಬಂದು ನಿಂತಿತು. ಆ ಇಬ್ಬರು ಗಂಡಸರು ಒಂದು ಹೆಜ್ಜೆ ಮುಂದೆ ಬಂದರು.

"ಇದು ಇಲ್ಲಿ ಯಾವಾಗ್ಲೂ ನಿಲ್ತದೆ," ಎಂದಳು.

ಎಣಿಸತೊಡಗಿದಳು. ಹತ್ತು. ಇಪ್ಪತ್ತು. ಮೂವತ್ತಾಯಿತು. ಅಭ್ಯಾಸಬಲದಿಂದ ಅವನು ಉಸಿರು ಬಿಡಲೆಂದು ಮುಖ ನೋಡಿ ಕಾದಳು. ಆಮೇಲೆ ಕಣ್ಣು ಮುಚ್ಚಿ, ತನ್ನ ಉಸಿರನ್ನೇ ಪೂರ್ತಿ ಹೊರಬಿಟ್ಟಳು.

ಅಂಗೈಯೊಳಗಿನ ಹಿಮ್ಮಡಿ ಹಗುರಾಯಿತು. ಕೊನೆಯ ಗೆರೆ ದಾಟಿ ಎಡತೊಡೆಯ ಕೆಳಗೆ ಸೇರಿಕೊಂಡಿತು.

ಅಯ್ನೋರು ಹಣೆಗೆ ವಿಭೂತಿ ಬಳಿದು ಎಡಗೈಯಲ್ಲಿ ಲಿಂಗವಿಟ್ಟರು. ಕೈ ತೆಗೆಯಿರಿ ಎಂದು ಯಾರೋ ಹೇಳುವವರೆಗೂ ವೀರಭದ್ರಯ್ಯ ತಮ್ಮನ ತೊಡೆಯ ಕೆಳಗಿನ ಕೈ ತೆಗೆಯಲಿಲ್ಲ. ಟವೆಲ್ಲಿನ ನೀರಿಳಿದು ಒದ್ದೆಯಾದ ಹಿಮ್ಮಡಿ ಹಾದುಬಂದ ದಾರಿ ಕಾವಿ ನೆಲದ ಮೇಲೆ ಇನ್ನೂ ಆರಿರಲಿಲ್ಲ.

ಮಂಡಿಯನ್ನು ಯಾರೂ ಮುರಿಯಲಿಲ್ಲ.