ಮೊದಲ ತುಂಡು

ಅತ್ತೆ ಬಾದಾಮಿ ಕೇಕಿನ ಮೇಲೆ ಚಾಕು ಇಟ್ಟರು. ಕತ್ತರಿಸಲಿಲ್ಲ.

ಮೇಜಿನ ಆ ತುದಿಯಲ್ಲಿ ನೋಟರಿ ಬೆರ್ಮೂದೆಸ್ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ಈ ಬದಿಯಲ್ಲಿ ನಾನು, ಹಿಮೆನಾ; ಎದುರಿಗೆ ಲೋಪೆ. ನಾವಿಬ್ಬರೂ ಅವಳಿ. ಅಪ್ಪ ಸತ್ತು, ತೊರ್ರೆಸೇಕಾದ ಮಾರ್ಕೆಸ್ ಎಂಬ ಮನೆತನದ ಪಟ್ಟ ಖಾಲಿ ಬಿದ್ದಿತ್ತು. ಹಳೆಯ ಕಾಯಿದೆ ಇದ್ದಿದ್ದರೆ ಗಂಡೆಂಬ ಒಂದೇ ಕಾರಣಕ್ಕೆ ಅದು ಲೋಪೆಗೆ ಹೋಗುತ್ತಿತ್ತು. ಹೊಸ ಕಾಯಿದೆಗೆ ಗಂಡು ಹೆಣ್ಣೆಂಬ ಭೇದವಿಲ್ಲ, ಮೊದಲು ಹುಟ್ಟಿದವರಿಗೆ ಪಟ್ಟ. ನಮ್ಮಲ್ಲಿ ಮೊದಲು ಹುಟ್ಟಿದ್ದು ಯಾರು? ಜನನ ನೋಂದಾಯಿಸಲು ಹೋದ ಅಪ್ಪ ಇಬ್ಬರಿಗೂ ಒಂದೇ ಗಳಿಗೆ ಹೇಳಿ ಬಂದಿದ್ದ. ಒಂದು ಗಂಡು, ಒಂದು ಹೆಣ್ಣು. ಸರದಿ ಆಗ ಯಾರಿಗೆ ಬೇಕಿತ್ತು?

ಹೆರಿಗೆಯ ಕೋಣೆಯಲ್ಲಿ ಇದ್ದವರ ಪೈಕಿ ಬದುಕಿರುವುದು ಅಪ್ಪನ ಅಕ್ಕ ಕಸಿಲ್ದಾ ಅತ್ತೆ ಒಬ್ಬರೇ.

"ಇವರ ಮಾತನ್ನ ಸಾಕ್ಷಿ ಅಂತ ಬರ್ಕೋತೀರಾ?" ಲೋಪೆ ನೋಟರಿಯತ್ತ ತಿರುಗಿದ. "ಅಪ್ಪನಿಗಿಂತ ಇವರೇ ದೊಡ್ಡೋರು. ಹೆಣ್ಣು ಅಂತ ಪಟ್ಟ ತಮ್ಮನಿಗೆ ಹೋಯ್ತು. ಆ ಉರಿ ಇನ್ನೂ ಆರಿಲ್ಲ. ಹಿಮೆನಾ ಅಂತಾನೇ ಹೇಳ್ತಾರೆ, ನೋಡ್ತಿರಿ."

"ಆರಿಲ್ಲ, ನಿಜ," ಅಂದರು ಅತ್ತೆ. "ನಿಮ್ಮಪ್ಪನಿಗೆ ಪಟ್ಟ ಬಂದ ದಿನ ಊಟಕ್ಕೆ ಹಂದಿಮರಿ ಹುರಿದೋಳು ನಾನೇ ಕಣೋ. ಬೇಕಂತಲೇ ಉಪ್ಪು ಸುರಿದಿದ್ದೆ."

ನೋಟರಿ ನಗು ನುಂಗಿ ಕೆಮ್ಮಿದರು. ನನಗೆ ನಗು ಬರಲಿಲ್ಲ. ಇಗರ್ಜಿಯಲ್ಲಿ, ಮದುವೆಗಳಲ್ಲಿ, ಮೊನ್ನೆ ಅಪ್ಪನ ಶವಪೆಟ್ಟಿಗೆಯ ಹಿಂದೆ ಕೂಡ ಲೋಪೆಯ ಬೆನ್ನು ನೋಡುತ್ತಲೇ ನಡೆದವಳು ನಾನು. ಆ ಪಟ್ಟ ನನಗೆ ಬೇಕಿತ್ತು. ಒಂದು ನಂಬಿಕೆಯೂ ಇತ್ತು: ಪ್ರತಿ ಹುಟ್ಟುಹಬ್ಬಕ್ಕೂ ಅತ್ತೆ ಇದೇ ಬಾದಾಮಿ ಕೇಕು ಮಾಡಿ ಮೊದಲ ತುಂಡನ್ನು ನನಗೇ ಕೊಡುತ್ತಿದ್ದರು. ಲೋಪೆ ಎಷ್ಟು ರಂಪ ಮಾಡಿದರೂ ಬಗ್ಗುತ್ತಿರಲಿಲ್ಲ. ಗೊತ್ತಿಲ್ಲದೆ ಹಾಗೆ ಮಾಡುತ್ತಾರೆಯೇ?

"ದೋನ್ಯಾ ಕಸಿಲ್ದಾ," ನೋಟರಿ ಕೇಳಿದರು, "ಆಣೆ ಮಾಡಿದ್ದೀರಿ. ಮೊದಲು ಬಂದ ಮಗು ಯಾವುದು?"

ಅತ್ತೆ ನನ್ನನ್ನೇ ನೋಡಿದರು.

"ಲೋಪೆ."

ಲೋಪೆಯ ಕೈ ತಗುಲಿ ವೈನ್ ಲೋಟ ಉರುಳಿತು. "ಏನಂದ್ರಿ?"

"ಕಿವುಡನೇನೋ? ನೀನೇ. ಕಾಲು ಮುಂದಾಗಿ ಬಂದು ನಿಮ್ಮಮ್ಮನ ಜೀವ ಹಿಂಡಿಬಿಟ್ಟೆ. ಇವಳು ಆಮೇಲೆ ಬಂದಳು, ಸದ್ದೇ ಇಲ್ಲ."

ಸುಳ್ಳು ಎಂದು ಕೂಗಬೇಕೆನಿಸಿತು. ಆದರೆ ಅತ್ತೆ ಸುಳ್ಳು ಹೇಳುವುದಿದ್ದರೆ ನನ್ನ ಪರವಾಗಿ ತಾನೇ ಹೇಳಬೇಕಿತ್ತು? ಹೆಣ್ಣಿಗೆ ಪಟ್ಟ ಸಿಗಲಿ ಎಂದು ಅವರು ಹುಡುಗಿಯಾಗಿದ್ದಾಗಿನಿಂದ ಕಾದಿದ್ದರು. ಈಗ ಬಾಯಿಗೆ ಬಂದ ಸುಳ್ಳನ್ನು ನುಂಗಿಕೊಂಡಿದ್ದರು.

ನೋಟರಿಯ ಪೆನ್ನು ಕಾಗದದ ಮೇಲೆ ಹರಿಯತೊಡಗಿತು.

"ಮತ್ತೆ ಕೇಕು?" ನಾನು ಕೇಳಿದೆ. "ಪ್ರತಿ ವರ್ಷ ನನಗೇ ಮೊದಲು ಕೊಡ್ತಿದ್ರಲ್ಲ, ಅತ್ತೆ?"

"ನಿನಗೆ ಮೊದಲು ಕೊಡೋಕೆ ನನ್ನ ಕೈಲಿದ್ದದ್ದು ಅದೊಂದೇ ಕಣೇ."

ಚಾಕು ಕೆಳಗಿಳಿಯಿತು. ಅತ್ತೆ ದೊಡ್ಡ ತುಂಡೊಂದನ್ನು ಎತ್ತಿ ನನ್ನ ತಟ್ಟೆಗೆ ಹಾಕಿದರು. ಎದುರಿಗೆ ಹೊಸ ಮಾರ್ಕೆಸ್ ಖಾಲಿ ತಟ್ಟೆ ಹಿಡಿದು ಕಾಯುತ್ತಿದ್ದ.