ಹನ್ನೊಂದು ಸೆಕೆಂಡಿನ ಅಳು

ಅಮೋಘ ಅಥಣಿಯ ಧಾರಾವಾಹಿಗಳಲ್ಲಿ ಇದುವರೆಗೆ ಮೂವತ್ತೊಂದು ಜನ ಸತ್ತಿದ್ದರು. ಅತ್ತೆಯಂದಿರು, ಒಳ್ಳೆಯ ಅಣ್ಣಂದಿರು, ಒಮ್ಮೆ ಸತ್ತು, ಟಿಆರ್‌ಪಿ ಬಿದ್ದಿತೆಂದು ಎದ್ದು ಬಂದು, ಮತ್ತೆ ಸತ್ತ ನಾಯಕನೊಬ್ಬ, ಎಲ್ಲ ಸೇರಿ. ಅಷ್ಟೂ ಜನಕ್ಕೆ ಅತ್ತವಳು ಒಬ್ಬಳೇ ಹೆಂಗಸು. ಅವಳ ಹೆಸರು ಯಾವ ಟೈಟಲ್ ಕಾರ್ಡಿನಲ್ಲೂ ಬಂದಿರಲಿಲ್ಲ.

ಸಾವಿನ ಸೀನು ಇದ್ದರೆ ಅಮೋಘನ ಕೈಗೆ ಕೊಡಬೇಕು ಎಂದು ಬೆಂಗಳೂರಿನ ನಿರ್ಮಾಪಕರು ಮಾತಾಡಿಕೊಳ್ಳುತ್ತಿದ್ದರು. ಎಂಥ ಕಲ್ಲುಮುಖದ ನಟಿಯನ್ನೂ ಕರುಳು ಹಿಂಡುವ ಹಾಗೆ ಅಳಿಸುತ್ತಾನಂತೆ. ಅಳಿಸುವುದು ಎಲ್ಲಿಂದ ಬಂತು! ನಟಿ ಗ್ಲಿಸರಿನ್ ಹಾಕಿಕೊಂಡು ತನಗೆ ತಿಳಿದಷ್ಟು ಬಿಕ್ಕುತ್ತಿದ್ದಳು. ಆಮೇಲೆ ಎಡಿಟಿಂಗ್ ಕೋಣೆಯಲ್ಲಿ ಅಮೋಘ ತನ್ನ ಪೆನ್‌ಡ್ರೈವಿನಿಂದ ಹನ್ನೊಂದು ಸೆಕೆಂಡಿನ ಒಂದು ಅಳುವನ್ನು ತೆಗೆದು ಅವಳ ಬಿಕ್ಕಿನ ಕೆಳಗೆ ಹಾಸುತ್ತಿದ್ದ. ಅಷ್ಟೇ ಅವನ ವಿದ್ಯೆ. ಸಂಜೆ ಏಳೂವರೆಗೆ ಅರ್ಧ ಕರ್ನಾಟಕದ ಅಡುಗೆಮನೆಗಳಲ್ಲಿ ಒಗ್ಗರಣೆ ಸೀದು ಹೋಗುತ್ತಿತ್ತು.

ಆ ಅಳು ಯಾರದೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ಹೋದ ವರ್ಷದಿಂದ ಅದನ್ನು ಹಾಕದ ಕಡೆಯೂ ಅವನಿಗೆ ಕೇಳಿಸತೊಡಗಿತು. ಮದುವೆಯ ಸೀನಿನಲ್ಲಿ ಕೇಳಿಸಿತು. ಸೋಪಿನ ಜಾಹೀರಾತಿನಲ್ಲಿ ಕೇಳಿಸಿತು. "ರೋಹನ, ಆ ಟ್ರ್ಯಾಕ್ ಬಂದ್ ಮಾಡೋ" ಎಂದರೆ, ಹನ್ನೆರಡು ವರ್ಷದಿಂದ ಜೊತೆಗಿದ್ದ, ನಿಪ್ಪಾಣಿ ಕಡೆಯ ಸೌಂಡ್ ಎಂಜಿನಿಯರ್ ರೋಹನ ಹೆಡ್‌ಫೋನು ಇಳಿಸಿ ಅವನ ಮುಖ ನೋಡುತ್ತಿದ್ದ.

"ಯಾವ್ದ ಟ್ರ್ಯಾಕ್ ಸರ್? ಎಲ್ಲಾ ಬಂದ್ ಅದಾವ್ರಿ."

ಅಮೋಘನಿಗೆ ಹೆದರಿಕೆಯಾಗಿತ್ತು. ಡಾಕ್ಟರ ಹತ್ತಿರ ಕಿವಿ ತೋರಿಸಿಕೊಂಡು ಬಂದ. ಕಿವಿ ಚೆನ್ನಾಗಿಯೇ ಇತ್ತು.

ಅಂಥದ್ದರಲ್ಲಿ, ನಲವತ್ತೊಂಬತ್ತನೆಯ ವಯಸ್ಸಿಗೆ, ಅವನಿಗೆ ಮೊದಲ ಸಿನಿಮಾ ಸಿಕ್ಕಿತು. ಕಥೆ ತನ್ನ ಸೀಮೆಯದೇ ಆದ್ದರಿಂದ ಶೂಟಿಂಗು ಶೇಡಬಾಳದಲ್ಲಿ, ಮುರಗೆಪ್ಪ ಎಂಬವರ ದ್ರಾಕ್ಷಿ ತೋಟದ ಮನೆಯಲ್ಲಿ ನಡೆದಿತ್ತು. ನಾಯಕ ಸಾಯುವ ದೃಶ್ಯ ಇನ್ನೆರಡು ದಿನಕ್ಕೆ ಎನ್ನುವಾಗ, ಒಂದು ಬೆಳಿಗ್ಗೆ ಗೇಟಿನ ಹತ್ತಿರ ಸ್ಕೂಟಿಯೊಂದು ಬಂದು ನಿಂತಿತು. ಓಡಿಸಿಕೊಂಡು ಬಂದವಳು ಇಪ್ಪತ್ತೆರಡರ ಹುಡುಗಿ. ಹಿಂದೆ ಕೂತಿದ್ದವಳು ಐವತ್ತರ ಆಚೀಚಿನ ಹೆಂಗಸು, ತಲೆಯ ಮೇಲೆ ಸೆರಗು, ಮಡಿಲಲ್ಲಿ ರೊಟ್ಟಿಯ ಗಂಟು.

"ನಮ್ಮವ್ವ ರಿ, ಲಗಮವ್ವ" ಎಂದಳು ಹುಡುಗಿ. "ಅಲಖನೂರಿಂದ ಬಂದೇವಿ. ನಾನು ಅನುಸೂಯಾ, ರಾಯಬಾಗದಾಗ ಮೆಡಿಕಲ್ ಅಂಗಡ್ಯಾಗ ಕೆಲಸ ಮಾಡ್ತೇನ್ರಿ."

"ಕುರಿ ಕಾಯ್ತಿದ್ರಲ್ರಿ, ಅವರ ಮನಿಯಾಕಿ" ಎಂದಳು ಹೆಂಗಸು. "ಗುರ್ತ ಹತ್ತಿತೇನ್ರಿ ಸಾಹೇಬ್ರ?"

ಅಮೋಘನಿಗೆ ಮುಖದ ಗುರುತು ಹತ್ತಲಿಲ್ಲ. ದನಿಯ ಗುರುತು ಮಾತ್ರ ಹತ್ತಿತು. ಇಪ್ಪತ್ತಮೂರು ವರ್ಷ ಆ ದನಿಯನ್ನೇ ತಿಂದು ಬೆಳೆದವನು ಅವನು.

ಆಗ ಅವನಿನ್ನೂ ಅಥಣಿ ತಾಲೂಕಿನ ಬರೀ ಅಮೋಘಸಿದ್ದ. ಬೀಸುಕಲ್ಲಿನ ಪದಗಳ ಮೇಲೆ ಯಾರೋ ಮಾಡುತ್ತಿದ್ದ ಸಾಕ್ಷ್ಯಚಿತ್ರಕ್ಕೆ ಸಹಾಯಕನಾಗಿ, ಕಡ ತಂದ ಟೇಪ್‌ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಲಗಮವ್ವನ ಮನೆಗೆ ಹೋಗಿದ್ದ. ಅವಳು ಏಳು ತಿಂಗಳ ಬಸುರಿ. "ಉಣ್ಣ ತಮ್ಮಾ" ಎಂದು ರೊಟ್ಟಿ ಬಡಿಸಿ, ಬೀಸುತ್ತ ಕೂತು ಹಾಡಿದಳು. ನಡುವೆ ಅವಳ ಗಂಡ ಕಾಡಸಿದ್ದ ಬಾಗಿಲಲ್ಲಿ ಇಣುಕಿ ಎರಡು ಮಾತು ಚೇಷ್ಟೆ ಮಾಡಿ, ಕುರಿ ಹೊಡೆದುಕೊಂಡು ಹೋದ. ಇಳಿಹೊತ್ತಿಗೆ ಸುದ್ದಿ ಬಂತು. ರಸ್ತೆ ದಾಟುತ್ತಿದ್ದವನ ಮೇಲೆ ಕಬ್ಬಿನ ಟ್ರಾಲಿ ಮಗುಚಿತ್ತು. ಲಗಮವ್ವ ಬೀಸುಕಲ್ಲಿನ ಗೂಟ ಹಿಡಿದೇ ಅತ್ತಳು. ಇನ್ನೊಂದು ಪದಕ್ಕೆಂದು ಹಾಕಿದ್ದ ರೆಕಾರ್ಡರು ಓಡುತ್ತಿತ್ತು. ನಿಲ್ಲಿಸಬೇಕೆಂದು ಅವನಿಗೆ ಅನ್ನಿಸಿತು, ನಿಲ್ಲಿಸಲಿಲ್ಲ.

ಆಮೇಲೆ ಅವನು ಹನ್ನೊಂದು ಸೆಕೆಂಡಿನ ಅಳುವನ್ನಷ್ಟೇ ಕಂಪ್ಯೂಟರಿಗೆ ಇಳಿಸಿಕೊಂಡ. ಕ್ಯಾಸೆಟ್ಟು ಕಡಿಮೆ ಬಿದ್ದಿತ್ತು. ಅವಳ ಕ್ಯಾಸೆಟ್ಟಿನ ಮೇಲೆಯೇ ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರ ಸಂದರ್ಶನ ತುಂಬಿಸಿದ.

"ಬಾಜೂ ಮನಿ ಚನ್ನವ್ವನ ಟಿವ್ಯಾಗ ನನ್ನ ಅಳು ನಾನ ಕೇಳೇನ್ರಿ" ಎಂದಳು ಲಗಮವ್ವ. "ಕೈಯಾನ ತಾಟ ಕೆಳಗ ಬಿತ್ತು. ನನ್ನ ಮಗಳು ಟಿವ್ಯಾಗ ಬಂದ ಹೆಸರ ಓದಿ ಹೇಳಿದ್ಲು, ಅಮೋಘ ಅಥಣಿ ಅಂತ. ಆವತ್ತ ಮಿಶನ್ನ ತಂದಿದ್ದ ಹುಡುಗನ ಇಂವ ಅಂತ ಗೊತ್ತಾತು."

ಬೈಗುಳ ಕಾಯುತ್ತ ಅಮೋಘ ತಲೆ ತಗ್ಗಿಸಿ ನಿಂತ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

"ಜಗಳಕ್ಕ ಬಂದಿಲ್ರಿ. ಅಳು ಇಷ್ಟ ವರ್ಷ ಜ್ವಾಕಿ ಮಾಡೀರಿ ಅಂದ್ರ, ಅದರ ಮುಂಚಿಂದೂ ಇಟ್ಟಿರ್ತೀರಿ. ಅವರು ಹೋಗೂ ಮುಂದ ಎರಡ ಮಾತ ಆಡಿದ್ರಲ್ರಿ, ಮಿಶನ್ನ ಚಾಲೂ ಇತ್ತು. ಆ ಮಾತ ನನಗ ನೆನಪ ಅದಾವ, ದನಿ ನೆನಪಿಲ್ಲ. ಎಷ್ಟ ತಿಣಕಿದ್ರೂ ಬರವಲ್ದು. ಇಕಿಯಂತೂ ಹೊಟ್ಟ್ಯಾಗ ಇದ್ಲು. ಒಮ್ಮೆರ ಅಪ್ಪನ ದನಿ ಕೇಳಲಿ ಅಂತ ಕರಕೊಂಡ ಬಂದೇನ್ರಿ."

ಅನುಸೂಯಾ ಅವನ ಬಾಯಿಯನ್ನೇ ನೋಡುತ್ತಿದ್ದಳು.

ಇಲ್ಲ, ಅಳಿಸಿ ಹೋಗಿದೆ, ನಾನೇ ಅಳಿಸಿದೆ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಸಾವಿರ ಕಂತುಗಳಲ್ಲಿ ಯಾರ ಯಾರ ಬಾಯಲ್ಲೋ ಸತ್ಯ ಹೇಳಿಸಿದ ಮನುಷ್ಯ, ತನ್ನ ಸರದಿ ಬಂದಾಗ, "ಐತ್ರಿ ಅಕ್ಕಾರ. ಬೆಂಗಳೂರಾಗ ಐತಿ. ತರಸ್ತೇನಿ, ನಾಡದ ಬರ್ರಿ" ಎಂದ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ರೋಹನನನ್ನು ಒಣದ್ರಾಕ್ಷಿಯ ಶೆಡ್ಡಿಗೆ ಕರೆದುಕೊಂಡು ಹೋದ. ಕಾಡಸಿದ್ದನ ಮಾತು ಅವನಿಗೂ ಸುಮಾರಾಗಿ ನೆನಪಿತ್ತು. ಚೀಟಿಯಲ್ಲಿ ಬರೆದುಕೊಂಡ. ಯಾರು ಯಾರಿಗೆ ಹೇಳುತ್ತಿದ್ದಾರೆಂದು ನೋಡುವವರಿಗೆ ತಿಳಿಯಬೇಕಾದರೆ ಮಾತು ಹೆಸರಿನಿಂದ ಶುರುವಾಗಬೇಕು, ಇದು ಧಾರಾವಾಹಿಯವರ ಪಾಠ. ಗಂಟಲು ಒರಟು ಮಾಡಿಕೊಂಡು ತಾನೇ ಮೈಕಿಗೆ ಹೇಳಿದ.

"ಲಗಮವ್ವಾ! ಪದಾ ಹಾಡ್ಕೋತ ರೊಟ್ಟಿ ಮರೀಬ್ಯಾಡ. ಕುರಿ ಬಿಟ್ಟೇನಿ, ಹೊತ್ತ ಮುಳಗೂದ್ರಾಗ ಬರ್ತೇನಿ."

ರೋಹನ ಅದಕ್ಕೆ ಹಳೆಯ ಕ್ಯಾಸೆಟ್ಟಿನ ಗರಗರ ಹಾಕಿದ, ದೂರದಲ್ಲಿ ಎರಡು ಕುರಿ ಅರಚಿಸಿದ, ದನಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ. ಕೆಲಸ ಅಚ್ಚುಕಟ್ಟಾಗಿತ್ತು. "ಸರ್, ಇದು ಬ್ಯಾಡಾಗಿತ್ರಿ" ಎಂದನು ಕೊನೆಗೆ. ಅಮೋಘನೂ ಹಾಗೆಯೇ ಅಂದುಕೊಂಡಿದ್ದ. ಆದರೆ ಆ ಹುಡುಗಿ ತನ್ನ ಬಾಯಿ ನೋಡುತ್ತಿದ್ದುದು ಅವನ ಕಣ್ಣೆದುರಿಗಿತ್ತು.

ಮೂರನೆಯ ದಿನ ಅವರು ಬಂದರು. ಹೆಡ್‌ಫೋನು ಮೊದಲು ಅನುಸೂಯಾಳ ಕಿವಿಗೆ ಹೋಯಿತು. ಅವಳು ಎರಡು ಕೈಯಿಂದ ಅದನ್ನು ಒತ್ತಿ ಹಿಡಿದುಕೊಂಡಳು. ಮತ್ತೊಮ್ಮೆ ಎಂದಳು. ಮತ್ತೊಮ್ಮೆ ಎಂದಳು. "ಅಪ್ಪಾ" ಎಂದು ತುಟಿಯಲ್ಲೇ ಅಂದು ಜೋರಾಗಿ ಅತ್ತುಬಿಟ್ಟಳು. ಹುಟ್ಟಿದಾಗಿನಿಂದ ಆ ಶಬ್ದದಿಂದ ಕರೆಯಲು ಅವಳಿಗೆ ಯಾರೂ ಇರಲಿಲ್ಲ.

ಲಗಮವ್ವ ಕಣ್ಣು ಮುಚ್ಚಿ ಕೇಳಿದಳು. ಒಂದೇ ಸಲ ಕೇಳಿದಳು. ಕಣ್ಣು ತೆರೆದು ಅಮೋಘನನ್ನು ನೋಡಿದಳು.

"ಅಪ್ಪನ ದನಿ ಹೌದಿಲ್ಲೋ ಬೇ?" ಎಂದಳು ಮಗಳು.

"ಹೌದವಾ. ನಿಮ್ಮಪ್ಪಂದ."

ಅನುಸೂಯಾ ಅದನ್ನು ಫೋನಿಗೆ ಹಾಕಿಸಿಕೊಂಡು, ಮುಖ ತೊಳೆಯಲು ನಲ್ಲಿಯ ಕಡೆ ಹೋದಳು. ಲಗಮವ್ವ ಅವಳು ದೂರವಾಗುವುದನ್ನೇ ಕಾಯ್ದಳು.

"ತಮ್ಮಾ, ಅವರು ನನ್ನ ಹೆಸರ ಹಿಡದ ಒಂದ ದಿನಾನೂ ಕರದಿಲ್ಲ. ಏ ಇಲ್ನೋಡ ಅನ್ನಾವ್ರು. ಇಲ್ಲಾಂದ್ರ ಹೊರಗ ನಿಂತ ಕೆಮ್ಮಾವ್ರು."

ಅಮೋಘ ಕೈ ಮುಗಿದ. "ತಪ್ಪಾತ್ರಿ ಅಕ್ಕಾರ. ಕ್ಯಾಸೆಟ್ಟ ನಾನ ಅಳಿಸೇನಿ. ಅದರಾಗ ಆ ಅಳು ಒಂದ ಇಟ್ಕೊಂಡೇನಿ. ಆಕಿಗೂ ಈಗ ಹೇಳಿಬಿಡ್ತೇನಿ."

"ಏನೂ ಹೇಳಬ್ಯಾಡ. ಹೇಳಿದ್ರ ನಿನಗ ಹಗರ ಆಗತೈತಿ. ಆಕಿಗೆ?"

ಅಮೋಘ ನಲ್ಲಿಯ ಕಡೆ ನೋಡಿದ.

"ಎಲ್ಲಾ ಬಿಟ್ಟ ಅಳು ಅಷ್ಟ ಇಟ್ಕೊಂಡಿ ನೋಡ" ಎಂದಳು, ಸಿಟ್ಟಿಲ್ಲದೆ. "ಹೋದ ವರ್ಷ ನಮ್ಮವ್ವ ತೀರಿದ್ಲು. ಬಾಯಿ ಬಿಟ್ಟ ಅಳಾಕತ್ತಿದ್ನಿ. ಹಿಂದ ಕುಂತಾಕಿ ಒಬ್ಬಾಕಿ, ಥೇಟ ಟಿವ್ಯಾಗ ಅತ್ತಂಗ ಅಳತಾಳ ನೋಡ ಅಂದ್ಲು. ಅಲ್ಲಿಗೆ ನಿಂತ ಹೋತು. ಆವತ್ತಿಂದ ನನಗ ಅಳು ಬಂದಿಲ್ಲ. ಅದನ್ನ ತಗದ ಬಿಡ ತಮ್ಮಾ."

ಅಮೋಘ ಅವಳೆದುರಿಗೇ ಪೆನ್‌ಡ್ರೈವು ಹಾಕಿ ಅಳಿಸಿದ. ರೋಹನನ ಲ್ಯಾಪ್‌ಟಾಪಿನಿಂದ ಅಳಿಸಿದ, ಬೆಂಗಳೂರಿಗೆ ಫೋನು ಮಾಡಿ ಆಫೀಸಿನ ಕಂಪ್ಯೂಟರಿನಿಂದ ಅಳಿಸಿಸಿದ. "ಸರ್, ಇವತ್ತ ಸಾವಿನ ಸೀನ್ ಐತ್ರಿ" ಎಂದ ರೋಹನ. ಇರಲಿ ಎಂದ ಅಮೋಘ. ಒಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಬರೀ ತೋಟದ ಸದ್ದು ಕೇಳಿಸುತ್ತಿತ್ತು.

ಈ ಸಲವೂ ತಂದಿದ್ದ ರೊಟ್ಟಿಯ ಗಂಟನ್ನು ಅವನ ಕುರ್ಚಿಯ ಮೇಲಿಟ್ಟು ಲಗಮವ್ವ ಗೇಟಿನ ಕಡೆ ನಡೆದಳು. ಅನುಸೂಯಾ ಆಗಲೇ ಸ್ಕೂಟಿಯ ಮೇಲೆ ಕೂತಿದ್ದಳು. ಆಗ ಅವಳ ಫೋನು ಬಡಿದುಕೊಂಡಿತು. ಅಷ್ಟರೊಳಗೆ ಅದನ್ನು ರಿಂಗ್‌ಟೋನ್ ಮಾಡಿಕೊಂಡಿದ್ದಳು ಪುಣ್ಯಾತ್ಗಿತ್ತಿ.

"ಲಗಮವ್ವಾ!" ಎಂದಿತು ದನಿ, ಕುರಿಗಳ ಆಚೆಯಿಂದ. "ಪದಾ ಹಾಡ್ಕೋತ ರೊಟ್ಟಿ ಮರೀಬ್ಯಾಡ..."

ಲಗಮವ್ವ ನಿಂತಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

"ಬಂದ್ನಿ" ಎಂದಳು, ಮೆಲ್ಲಗೆ, ದ್ರಾಕ್ಷಿ ಸಾಲುಗಳ ಕಡೆ ತಿರುಗಿ.

ಕರೆದದ್ದು ಯಾರ ಗಂಟಲೆಂದು ಅವಳಿಗೆ ಗೊತ್ತಿತ್ತು. ಆದರೂ ಅವಳು ಆ ಕಡೆಯೇ ನೋಡುತ್ತ ನಿಂತಿದ್ದಳು. ಅನುಸೂಯಾ ಫೋನು ಎತ್ತದೆ, ಅಪ್ಪನ ಮಾತು ಮುಗಿಯಲೆಂದು ಕಾಯುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಬರುತ್ತೇನೆಂದು ಅಮೋಘನ ದನಿ ಅವರಿಬ್ಬರಿಗೂ ಹೇಳಿತು, ಫೋನು ನಿಲ್ಲುವವರೆಗೆ ಮತ್ತೆ ಮತ್ತೆ ಹೇಳಿತು.